ನಿವೃತ್ತಿಗೆ ಒಪ್ಪದ ಬಲಗೈ

ಮತ್ತಿಕೆರೆಯ ನಮ್ಮ ಚರ್ಚಿನಲ್ಲಿ ಆರಾಧನೆಯ ಕೊನೆಗೆ ಹೊಸ ಪಾದ್ರಿ ಅಯ್ಯನವರು ಆಶೀರ್ವಾದ ಹೇಳಲು ಕೈ ಎತ್ತುವಷ್ಟರಲ್ಲಿ, ಬೆಂಚಿನಲ್ಲಿದ್ದ ನಿವೃತ್ತ ಬಿಷಪ್ ಜೀವರತ್ನರೂ ಕೈ ಎತ್ತಿ ಶುರುಮಾಡಿಬಿಟ್ಟರು. ಪಾಪ, ಹೊಸಬರು ಎತ್ತಿದ ಕೈ ಇಳಿಸಿಕೊಂಡರು. ನಿವೃತ್ತಿಯಾದದ್ದು ಬಿಷಪ್ಪರಿಗೆ, ಅವರ ಬಲಗೈಗಲ್ಲ!

ಸೈಕಲ್ಲಿನಲ್ಲಿ ಅಬ್ಬಿಗೆರೆ, ಬಾಗಲಗುಂಟೆ ಸುತ್ತುವ ಸಭಾಪಾಲಕರಾಗಿ ಶುರುಮಾಡಿ ಬಿಷಪ್ಪರಾದವರು. ಅಷ್ಟು ವರ್ಷವೂ ಅವರು ಪೀಠದ ಬಳಿ, ಹೆಂಡತಿ ಸುಗುಣಮ್ಮ ಮುಂದಿನ ಬೆಂಚಿನಲ್ಲಿ ಒಬ್ಬರೇ. ಜೊತೆಗೆ ಕೂರುತ್ತಿರುವುದು ಈಗಷ್ಟೇ.

“ಆ ಹುಡುಗನಿಗೆ ಅವಮಾನ ಮಾಡ್ಬಿಟ್ಟೆ, ಇನ್ನು ಚರ್ಚಿಗೆ ಬರಲ್ಲ” ಎಂದು ಕೊರಗಿದ ಬಿಷಪ್ಪರನ್ನು ಮುಂದಿನ ಭಾನುವಾರ ಸುಗುಣಮ್ಮನೇ ಕರೆತಂದರು. ಆಶೀರ್ವಾದದ ಹೊತ್ತಿಗೆ ಇಬ್ಬರೂ ಕೈ ಕೈ ಹಿಡಿದು ತಲೆಬಾಗಿದರು. ನನ್ನ ಕಣ್ಣು ಒದ್ದೆಯಾಯಿತು.

“ಇನ್ನೂ ಇಷ್ಟೊಂದು ಪ್ರೀತೀನಾ, ಬಿಷಪ್ಪರೇ?” ಎಂದು ಕೇಳಿದೆ.

“ಎಲ್ಲಿ ಪ್ರೀತಿ ಕಣಮ್ಮಾ? ಕೈ ಮೇಲೇಳದ ಹಾಗೆ ಅದುಮಿ ಹಿಡ್ಕೊಂಡಿದ್ಲು. ಬಳೆ ಒತ್ತಿದ್ದು ಇನ್ನೂ ಉರೀತಿದೆ.”