ಫೋನು ಹೇಳಿದ ಒಂದು ಗಂಟೆ ಇಪ್ಪತ್ತು ನಿಮಿಷ

ಇಪ್ಪತ್ತೆರಡು ವರ್ಷದಿಂದ ಅವಳು ಅದೇ ಸಣ್ಣ ವಿಮಾನ ನಿಲ್ದಾಣದಲ್ಲಿ ವಿಮಾನದ ಒಳಗೆ ಕಸ ಗುಡಿಸುತ್ತಿದ್ದಳು. ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಸೀಟಿನ ಜೇಬಿನಲ್ಲಿ ಯಾರೋ ಬಿಟ್ಟುಹೋದ ಪೇಪರ್ ನೋಡಿದರೆ ಸಾಕು, ವಿಮಾನ ಯಾವ ಊರು ಸುತ್ತಿ ಬಂದಿದೆ ಎಂದು ಹೇಳಿಬಿಡುತ್ತಿದ್ದಳು. ತಂಗಿಯ ಊರಿನ ಪೇಪರಿಗೆ ಮೇಲೊಂದು ಹಸಿರು ಪಟ್ಟಿ. ತಂಗಿ ಕಳಿಸುವ ಸಾಮಾನೆಲ್ಲ ಅದರಲ್ಲೇ ಸುತ್ತಿ ಬರುತ್ತಿತ್ತು. ಆದರೆ ಆ ಪಟ್ಟಿಯ ಪೇಪರು ಇಲ್ಲಿ ಒಂದು ದಿನವೂ ಸೀಟಿನ ಜೇಬಿನಲ್ಲಿ ಸಿಕ್ಕಿರಲಿಲ್ಲ.

ತಂಗಿಯ ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ನಿಗೆ ದಿನ ಗೊತ್ತಾದಾಗ ತಂಗಿಯ ಗಂಡ ಫೋನು ಮಾಡಿದ.

"ಅತ್ತಿಗೆ, ಫೋನಲ್ಲಿ ನೋಡಿದೆ. ನಿಮ್ಮೂರಿಂದ ಇಲ್ಲಿಗೆ ಎಂಟುನೂರು ಕಿಲೋಮೀಟರು, ಒಂದು ಗಂಟೆ ಇಪ್ಪತ್ತು ನಿಮಿಷ. ಎಂಟಕ್ಕೆ ಹತ್ತಿದ್ರೆ ಒಂಬತ್ತೂವರೆಗೆ ಇಲ್ಲಿರ್ತೀರ."

"ಆ ಕಡೆಗೆ ನೇರ ವಿಮಾನವೇ ಇಲ್ಲಪ್ಪ. ದೊಡ್ಡ ಊರಿಗೆ ಹೋಗಿ, ಅಲ್ಲಿ ಕಾದು, ಬೇರೆ ಹತ್ತಬೇಕು. ಬರೋದು ಸಂಜೆನೇ."

"ಫೋನಿಗಿಂತ ಪೊರಕೆಗೆ ಜಾಸ್ತಿ ಗೊತ್ತಾ ಅತ್ತಿಗೆ?" ಎಂದು ನಕ್ಕು ಫೋನು ಇಟ್ಟುಬಿಟ್ಟ.

ಈಗ ಆ ದಿನ ಬಂದಿತ್ತು. ಅವಳು ದೊಡ್ಡ ಊರಿನ ನಿಲ್ದಾಣದಲ್ಲಿ, ಮಧ್ಯಾಹ್ನ ಮೂರರ ವಿಮಾನಕ್ಕೆ ಕಾಯುತ್ತ, ಗಟ್ಟಿ ಕುರ್ಚಿಯ ಮೇಲೆ ಕೂತಿದ್ದಳು. ಹನ್ನೊಂದೂವರೆಗೆ ಫೋನು ಬಂತು.

"ಅತ್ತಿಗೆ, ಎಲ್ಲಿದ್ದೀರ? ಅಕ್ಕ ಬಾರದೆ ಒಳಗೆ ಹೋಗಲ್ಲ ಅಂತ ಹಟ ಹಿಡಿದು ಕೂತಿದ್ದಾಳೆ. ಹನ್ನೆರಡಕ್ಕೆ ಹೋಗದಿದ್ರೆ ಮುಂದಿನ ವಾರ ಅಂತಾರೆ ಡಾಕ್ಟರು. ಅಷ್ಟು ದಿನ ಬಿಟ್ಟರೆ ಒಳ್ಳೇದಲ್ಲ ಅಂತನೂ ಅವರೇ ಹೇಳ್ತಾರೆ."

ಅವಳಿಗೆ ಮೈಯೆಲ್ಲ ಉರಿಯಿತು.

"ಸಂಜೆ ಬರ್ತೀನಿ ಅಂದದ್ದನ್ನ ಅವಳಿಗೆ ಹೇಳಿದೆಯಾ?"

"ಫೋನಲ್ಲಿ ಒಂಬತ್ತೂವರೆ ಅಂತಿತ್ತಲ್ಲ, ಅದನ್ನೇ ಹೇಳಿದೆ."

"ಒಂಬತ್ತೂವರೆ ಅಂತ ಅವಳ ತಲೇಲಿ ತುಂಬಿದವನು ನೀನು. ಎರಡೂರಿನ ಮಧ್ಯೆ ಗೆರೆ ಎಳೆದು ಲೆಕ್ಕ ಹಾಕೋಕೆ ಕಾಗೆಗೂ ಬರತ್ತೆ. ನಾನು ಕಾಗೆನಾ? ಫೋನು ಅವಳ ಕಿವಿಗಿಡು."

ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನೋಡಿದಳು. ದೊಡ್ಡಕ್ಕ ಒರೆಸಲಿ ಎಂದು ತಾನಾಗಿಯೇ ಕಾಲೆತ್ತಿ ಕೊಟ್ಟಳು.

"ಅಕ್ಕಾ," ತಂಗಿಯ ದನಿ ಎಳೆಮಗುವಿನದಾಗಿತ್ತು. "ಬರ್ತೀನಂದು ಬರಲಿಲ್ಲ ನೀನು."

"ಒಂಬತ್ತೂವರೆ ಅಂತ ನಾನು ಹೇಳಿದ್ದಾ?"

"ಇಲ್ಲ, ಇವರು."

"ನಾನು ಹೇಳಿದ ಹೊತ್ತಿಗೆ ಯಾವತ್ತಾದ್ರೂ ತಪ್ಪಿದ್ದೀನಾ?"

"ಇಲ್ಲ."

"ಹಾಗಾದ್ರೆ ಈಗ ನಾನು ಹೇಳ್ತೀನಿ, ಕೇಳು. ಸಂಜೆ ಆರಕ್ಕೆ ನಿನ್ನ ಮಂಚದ ಹತ್ರ ಇರ್ತೀನಿ. ನೀನು ಕಣ್ಣು ಬಿಟ್ಟಾಗ ನನ್ನ ಮುಖವೇ ಕಾಣ್ಬೇಕು. ಮೊದಲು ಒಳಗೆ ನಡಿ, ಇಲ್ಲಾಂದ್ರೆ ಬಂದು ಕೆನ್ನೆಗೆ ಬಾರಿಸ್ತೀನಿ."

"ಹೊಟ್ಟೆ ಕೊಯ್ಸಿಕೊಂಡೋಳಿಗೆ ಬಾರಿಸ್ತೀಯಾ?"

"ಕೆನ್ನೆ ಕೊಯ್ಯಲ್ಲವಲ್ಲ."

ತಂಗಿ ಮೂಗೆಳೆದುಕೊಂಡು ನಕ್ಕಳು. ಆಮೇಲೆ ತಳ್ಳುಗಾಡಿಯ ಚಕ್ರ ಕಿರುಗುಟ್ಟುವುದು ಕೇಳಿಸಿತು. ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೂ ದೊಡ್ಡಕ್ಕ ಫೋನು ಕಿವಿಯಿಂದ ತೆಗೆಯಲಿಲ್ಲ.

ಮೂರಕ್ಕೆ ವಿಮಾನ ಹತ್ತಿ ಕೂತವಳೇ ಅಭ್ಯಾಸಬಲದಿಂದ ಮುಂದಿನ ಜೇಬಿಗೆ ಕೈ ಹಾಕಿದಳು. ಮುದ್ದೆಯಾದ ಪೇಪರೊಂದು ಬಂತು, ಮೇಲೆ ಹಸಿರು ಪಟ್ಟಿ. ತಂಗಿಯ ಊರಿಗೆ ಹೋಗಿಬರುವ ವಿಮಾನ ಇದೇ. ಸಿಟ್ಟು ಇನ್ನೂ ಇಳಿದಿರಲಿಲ್ಲ. ತೊಡೆಯ ಮೇಲಿಟ್ಟು ಅಂಗೈಯಿಂದ ಒತ್ತಿ ಒತ್ತಿ ಸುಕ್ಕು ಬಿಡಿಸಿ, ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು. ತಂಗಿ ಕಣ್ಣು ಬಿಟ್ಟಮೇಲೆ ಅವಳ ಗಂಡನ ಮುಖದ ಮುಂದೆ ಹಿಡಿದು, ಪೊರಕೆಗೆ ಎಷ್ಟು ಗೊತ್ತು ಎಂದು ತೋರಿಸುವುದಕ್ಕೆ.