ಶೇಂಗಾ ಉಂಡಿಯ ಪಾಲು

ಮರಿಮೊಮ್ಮಗನ ಮೈಮೇಲೆ ದದ್ದು ಎದ್ದಿವೆ. ಶೇಂಗಾ ಕೊಡಬೇಡಿ ಎಂದರಂತೆ ಡಾಕ್ಟರು. ನನಗೆ ಧಾರವಾಡದ ನಮ್ಮ ಮನೆಯ ಕಂಬಳಿ ವಾಸನೆ ಬಂತು.

ತಂಗಿ ಗಂಗೂಗೂ ಹೀಗೇ ಏಳುತ್ತಿದ್ದವು. ಅಜ್ಜಿಯ ದವಾಖಾನೆಯಲ್ಲಿ ಎರಡೇ ಔಷಧ: ಮೈಗೆ ಒರಟು ಕಂಬಳಿ, ಬಾಯಿಗೆ ಶೇಂಗಾ ಉಂಡಿ.

"ಪಿತ್ತದ ಗಂಧಿ ಐತಿ, ತಿಕ್ಕಿದ್ರ ಹೋಗತೈತಿ. ಅಳಬ್ಯಾಡವ್ವಾ, ಉಂಡಿ ತಿನ್ನು."

ತಿಂದರೆ ಮತ್ತೆ ದದ್ದು, ಅತ್ತರೆ ಮತ್ತೆ ಉಂಡಿ. ನನಗೂ ಗಂಧಿ ಏಳಲೆಂದು ದೇವರನ್ನು ಬೇಡುತ್ತಿದ್ದೆ. ಅಲ್ಲಿಯವರೆಗೆ ಅವಳ ಉಂಡಿಯಲ್ಲಿ ಅರ್ಧ ಕಸಿಯುತ್ತಿದ್ದೆ.

ಒಂದು ಮಧ್ಯಾಹ್ನ ಅವಳ ಕಣ್ಣು, ತುಟಿ ಊದಿಕೊಂಡವು. ಹೆದರಿ, ಅಂದು ಕಸಿಯಲಿಲ್ಲ; ನನ್ನ ಪಾಲಿನ ಅರ್ಧವನ್ನೂ ಅವಳಿಗೇ ತಿನ್ನಿಸಿದೆ.

"ಅಣ್ಣಾ, ನೀ ಭಾಳ ಛಲೋ ಅದಿ" ಎಂದಳು.

ಸಂಜೆಯೊಳಗೆ ಅವಳ ಉಸಿರು ನಿಂತಿತು.

ಈಗಷ್ಟೇ ಮರಿಮೊಮ್ಮಗ ನನ್ನ ತಟ್ಟೆಯ ಶೇಂಗಾ ಚಟ್ನಿಗೆ ಕೈಚಾಚಿದ. ತಟ್ಟೆಯನ್ನು ಹಿಂದಕ್ಕೆಳೆದುಕೊಂಡೆ.

"ಮುತ್ಯಾ ಭಾಳ ಜಿಪುಣ ಅದಾನ" ಎಂದ.

ಹೌದಪ್ಪಾ, ಅದೀನಿ.