ನೆರೀನಾ, ಲಿವರ್ ಹಾಕು

ನಾನು ರಿಯೆಕಾ ಎಂಬ ಬಂದರು ಊರಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಕಾಲದಲ್ಲಿ, ಸಮುದ್ರದ ಕಡೆಯಿಂದ ಯೂಗೊ ಗಾಳಿ ಎದ್ದು ಮಳೆ ಹಿಡಿಯಿತೆಂದರೆ, ಬಂದರಿನ ಮೇಲಿನ ಏರು ಬೀದಿಯ ಲಿವಿಯೊನ ವರ್ಕ್‌ಶಾಪಿನ ಮುಂದೆ ಕಾರುಗಳ ಸಾಲು. ಲಿವಿಯೊ ಕಾರಿನ ಎಲೆಕ್ಟ್ರಿಷಿಯನ್. ಅವನ ಹೆಂಡತಿ ನೆರೀನಾ ಕೈಗವಸಿನ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದವಳು, ಮದುವೆಯಾದ ಮೇಲೆ ಅದನ್ನು ಬಿಟ್ಟು ಗಂಡನ ಜೊತೆ ನಿಂತಳು. ವೈಪರಿನ ಕೆಲಸಕ್ಕೆ ಇಬ್ಬರು ಬೇಕಿತ್ತು.

ತುಂತುರು ಮಳೆಗೆ ವೈಪರ್ ಬಿಟ್ಟು ಬಿಟ್ಟು ಒರೆಸುತ್ತದಲ್ಲ, ಅದನ್ನು ನಡೆಸುವುದು ಬೆಂಕಿಪೊಟ್ಟಣದಷ್ಟಿರುವ ಒಂದು ರಿಲೇ. ಒಂದೊಂದು ಕಾರಿನಲ್ಲಿ ಒಂದೊಂದು ಮೂಲೆಯಲ್ಲಿ ಅಡಗಿಸಿಟ್ಟಿರುತ್ತಾರೆ. ಲಿವಿಯೊ ಸ್ಟಿಯರಿಂಗಿನ ಕೆಳಗೆ ಅಂಗಾತ ಮಲಗಿ ರಿಲೇಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟುತ್ತಿದ್ದ. ಸೀಟಿನಲ್ಲಿ ಕೂತು ವೈಪರಿನ ಲಿವರ್ ಆಡಿಸುವುದು ನೆರೀನಾ. ಬೆರಳಿಗೆ ಟಿಕ್ ಎಂದು ಬಡಿದದ್ದೇ ಹುಡುಕುತ್ತಿದ್ದ ರಿಲೇ.

"ನೆರೀನಾ, ಲಿವರ್ ಹಾಕು."

"ಹಾಕಿ ಆಯ್ತು."

"ಎಲ್ಲಿ ಹಾಕಿದೀಯೆ? ಇಲ್ಲಿ ಒಂದೂ ಮಿಸುಕ್ತಿಲ್ಲ."

"ಇಂಡಿಕೇಟರಿಂದು ಹಿಡ್ಕೊಂಡಿದ್ರೆ ಹೇಗೆ ಮಿಸುಕುತ್ತೆ? ಬಲಗಡೆ ತಡಕು."

"ನಂಗೇ ಹೇಳಿಕೊಡ್ತೀಯಾ?"

"ಹೇಳದಿದ್ರೆ ಸಂಜೆವರೆಗೂ ಅಲ್ಲೇ ಬಿದ್ಕೊಂಡಿರ್ತೀಯಲ್ಲ ಮಾರಾಯ."

ನಾವು ಗಿರಾಕಿಗಳು ಸೂರಿನಡಿ ಕಾಫಿ ಹೀರುತ್ತಾ ನಗುತ್ತಿದ್ದೆವು. ಹಾಗಾಗಿ ಅವರು ವಿಚ್ಛೇದನಕ್ಕೆ ಹಾಕಿದ್ದಾರೆ ಎಂದಾಗ ಬೀದಿಯಲ್ಲಿ ಯಾರೂ ನಂಬಲಿಲ್ಲ.

ನ್ಯಾಯಾಧೀಶರು ಕಾರಣ ಕೇಳಿದರಂತೆ. ನೆರೀನಾ ಹೇಳಿದ್ದು ಇಷ್ಟೇ: "ಅಂಗಡೀಲಿ ದಿನವಿಡೀ ಮಾತಾಡ್ತಾನೆ. ಮನೆಗೆ ಬಂದ್ರೆ ರೇಡಿಯೊ ಹಚ್ಚಿ ಗೋಡೆ ಕಡೆ ತಿರುಗಿಬಿಡ್ತಾನೆ. ಒಬ್ಬಳೇ ಊಟ ಮಾಡೋದಾದ್ರೆ ಒಬ್ಬಳೇ ಇರ್ತೀನಿ." ಲಿವಿಯೊ ಅದನ್ನು ಅಲ್ಲಗಳೆಯಲಿಲ್ಲ. ತನ್ನ ಅಪ್ಪನೂ ಹಾಗೇ ಇದ್ದ ಎಂದಷ್ಟೇ ಅಂದನಂತೆ. ಅವನು ತಾಯಿಯ ಮನೆಗೆ ಹೋದ.

ತೀರ್ಪಾದ ಮರುದಿನವೂ ಮಳೆ. ಬೆಳಿಗ್ಗೆ ನೆರೀನಾ ಎಂದಿನಂತೆ ಶಟರ್ ಎತ್ತಿದಳು. ಅಷ್ಟರಲ್ಲಿ ಲಿವಿಯೊನೂ ಬಂದ.

"ಬಂದ್ಯಾ?" ಎಂದ ಲಿವಿಯೊ.

"ಕಾರುಗಳು ಬಂದಿವೆಯಲ್ಲ," ಎಂದಳು.

ಹಾಗೇ ವರ್ಷಗಳು ಕಳೆದವು. ಲಿವಿಯೊನ ಬೆನ್ನು ಸೋತಿತು. ನೆರೀನಾ ಕೆಳಗೆ ಮಲಗುವವಳಾದಳು, ಅವನು ಸೀಟಿಗೆ ಬಂದ. ಆ ದಿನಗಳಲ್ಲೇ ನನ್ನ ಟ್ಯಾಕ್ಸಿಯ ವೈಪರ್ ಕೈಕೊಟ್ಟಿತು. ನಿಧಾನಕ್ಕೂ ಓಡುತ್ತಿತ್ತು, ಜೋರಾಗಿಯೂ ಓಡುತ್ತಿತ್ತು, ಬಿಟ್ಟು ಬಿಟ್ಟು ಒರೆಸುವುದು ಮಾತ್ರ ಇಲ್ಲ. ನೆರೀನಾ ರಿಲೇ ಕಿತ್ತು, ಅದು ಕೂರುವ ಜಾಗದಲ್ಲಿ ತುಂಡು ವೈರು ಸಿಕ್ಕಿಸಿದಳು. ವೈಪರ್ ಓಡಿತು.

"ಮೋಟರ್ ಸರಿಯಿದೆ, ವೈರೂ ಸರಿಯಿದೆ. ರಿಲೇದೇ ತಕರಾರು," ಎಂದು ಮುಚ್ಚಳ ಬಿಚ್ಚಿ ನನಗೆ ತೋರಿಸಿದಳು. ಒಳಗೆ ಒಂದು ಪಿನ್ನಿನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬೆಸೆದು, ಮತ್ತೆ ಕೆಳಗೆ ಮಲಗಿ ಅದನ್ನು ಕೂರಿಸುತ್ತಿದ್ದಳು. ಸೀಟಿನಲ್ಲಿದ್ದ ಲಿವಿಯೊ ಗಾಜಿನ ಕಡೆ ನೋಡುತ್ತಲೇ ಕೇಳಿದ:

"ನಾನು ಮನೆಗೆ ವಾಪಸ್ ಬರ್ಲಾ?"

ನಾನು ಕಾರಿನ ಬಾಗಿಲಲ್ಲೇ ಇದ್ದೆ. ಕದಲುವ ಧೈರ್ಯವಾಗಲಿಲ್ಲ.

ಕೆಳಗೆ ರಿಲೇ ಟಕ್ಕೆಂದು ಕೂತಿತು. ಆಮೇಲೆ ಅವಳು ಮೆಲ್ಲಗೆ ಅಂದಳು: "ಬೇಡ ಲಿವಿಯೊ. ಇಲ್ಲಿ ಚೆನ್ನಾಗಿ ಮಾತಾಡ್ಕೊಂಡಿದೀವಿ. ಮನೆಗೆ ಹೋಗಿ ಅದನ್ನ ಕೆಡಿಸ್ಕೊಳ್ಳೋದು ಬೇಡ."

"ಸರಿ," ಎಂದ. ಅವನ ಮುಖ ಕೆಂಪಾಗಿತ್ತು.

ಮರುದಿನ ಅವಳು ಹುರುಳಿಕಾಯಿಯ ಸೂಪಿನ ಪಾತ್ರೆ ಹೊತ್ತು ತಂದಳು, ಎರಡು ಬಟ್ಟಲಿನ ಜೊತೆ. ಅಲ್ಲಿಂದ ಮುಂದೆ ಮಧ್ಯಾಹ್ನದ ಊಟ ಅಂಗಡಿಯಲ್ಲೇ, ಯಾರದೋ ರಿಪೇರಿಯ ಕಾರಿನ ಮುಂದಿನ ಸೀಟುಗಳಲ್ಲಿ. ಒಮ್ಮೆ ನನ್ನ ಕಾರನ್ನು ಒಯ್ಯಲು ಹೋದರೆ ಇಬ್ಬರೂ ಅದರೊಳಗೇ ಕೂತು, ಯಾರದೋ ಮದುವೆಯ ವಿಷಯಕ್ಕೆ ವಾದ ಮಾಡುತ್ತಾ ಉಣ್ಣುತ್ತಿದ್ದರು. ಸೂರಿನ ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಲಿವಿಯೊ ಗಾಜು ಇಳಿಸಿ, "ಇನ್ನೂ ಆಗಿಲ್ಲ, ಸಂಜೆ ಬಾರೋ," ಎಂದ. ಕಾರಿನ ಕೆಲಸ ಬೆಳಿಗ್ಗೆಯೇ ಮುಗಿದಿತ್ತೆಂದು ಇಬ್ಬರಿಗೂ ಗೊತ್ತಿತ್ತು, ನನಗೂ. ನಾನು ಬಸ್ಸು ಹಿಡಿದು ಮನೆಗೆ ಹೋದೆ.

ಲಿವಿಯೊ ಹೃದಯ ನಿಂತು ತೀರಿಕೊಂಡ ಮೇಲೆ ನೆರೀನಾ ಮಳೆಯ ಒಂದು ಚಳಿಗಾಲ ಅಂಗಡಿಯನ್ನು ಒಬ್ಬಳೇ ನಡೆಸಿ ನೋಡಿದಳು. ಲಿವರ್ ಹಾಕಲು ಗಿರಾಕಿಗಳನ್ನೇ ಕೂರಿಸುತ್ತಿದ್ದಳು. ನಾನೂ ಕೂತಿದ್ದೇನೆ. ಆದರೆ ನಾವ್ಯಾರೂ ಎದುರು ಮಾತಾಡುತ್ತಿರಲಿಲ್ಲ, ಹೇಳಿದ್ದನ್ನು ಮಾಡುತ್ತಿದ್ದೆವು ಅಷ್ಟೇ. ವಸಂತ ಬರುವಷ್ಟರಲ್ಲಿ ಅವಳು ಅಂಗಡಿ ಮುಚ್ಚಿದಳು.